ಮೂರು ಗಂಟೆಯ ತೂಬು

ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ
'ಮಾರ್ಚ್ ಒಳಗೆ' ಎಂದಿತ್ತು.
ಮಾರ್ಚ್ ಹೊಡೆದು ಜೂನ್ ಮಾಡಿದರು,
ಜೂನಿನ ಮೇಲೆ ಯಾರೋ ಹಲ್ಲಿಯ ಚಿತ್ರ ಬರೆದರು.
ಈಗ ಅಕ್ಟೋಬರು. ಹಲ್ಲಿಗೂ ಸಿಮೆಂಟಿನ ಪುಡಿ.

ಗಂಗೋತ್ರಿಯ ಗ್ರಂಥಾಲಯ ಸದ್ಯಕ್ಕೆ
ಸೈಕಲ್ ಸ್ಟ್ಯಾಂಡಿನಲ್ಲಿದೆ.
ತಗಡಿನ ಕೆಳಗೆ ಮೂರು ಮೇಜು, ಒಂದು ಫ್ಯಾನು.
ಚಕ್ರ ಸಿಕ್ಕಿಸುವ ಕಬ್ಬಿಣದ ಕಂಬಿಗಳು ಹಾಗೇ ಇವೆ,
ಆ ಸಂದುಗಳಲ್ಲಿ ನಾವು ಚೀಲ ನಿಲ್ಲಿಸುತ್ತೇವೆ.

ಬೇಕಾದ್ದನ್ನು ಚೀಟಿಯಲ್ಲಿ ಬರೆದು ಕೊಡಬೇಕು.
ತಲೆಗೆ ಎರಡು, ಹೆಚ್ಚಿಲ್ಲ.
ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ
ಹಲಗಯ್ಯ ಒಳಗೆ ಹೋಗುತ್ತಾರೆ:
ತಲೆಗೆ ಹಳದಿ ಟೋಪಿ, ಮೂಗಿಗೆ ಟವೆಲು,
ರಬ್ಬರ್ ಬ್ಯಾಂಡ್ ಸುತ್ತಿದ ಚೀಟಿ, ಟಾರ್ಚು.
ಕಂಪ್ಯೂಟರು ಹೇಳುವ ಜಾಗದಲ್ಲಿ ಯಾವ ಪುಸ್ತಕವೂ ಇಲ್ಲ.
'ಅದ್ಕೇನ್ ಗೊತ್ತು ಕಣವ್ವ, ಮಡಗಿದೋನು ನಾನು.'

ಮೊದಲು ನಾನು ಯಾರನ್ನೂ ಕೇಳಿದವಳಲ್ಲ.
ಕಪಾಟುಗಳ ನಡುವೆ ಕತ್ತು ವಾರೆ ಮಾಡಿ ನಡೆದರೆ
ಹುಡುಕದ್ದೇ ಕೈಗೆ ಬರುತ್ತಿತ್ತು.
ಈಗ ಏನು ಬೇಕೆಂದು ಮೊದಲೇ ಗೊತ್ತಿರಬೇಕು.
ಗೊತ್ತಿದ್ದರೆ
ಮಂಡ್ಯದಿಂದ ಪುಶ್‌ಪುಲ್ ಹಿಡಿದು ಯಾಕೆ ಬರಲಿ?

ಕಾಯುತ್ತೇವೆ. ಒಳಗೆ ಡ್ರಿಲ್ಲು
ಗೋಡೆಯ ಹಲ್ಲು ಕೀಳುತ್ತಿದೆ.
ಬಿಹಾರದ ಹುಡುಗನೊಬ್ಬ ಟೈಲ್ಸ್ ರಾಶಿಯ ಪಕ್ಕ
ಹಳೆಯ ನಿಯತಕಾಲಿಕಗಳ ಕಟ್ಟಿಗೆ ತಲೆ ಕೊಟ್ಟು ಮಲಗಿದ್ದಾನೆ.
ಐವತ್ತು ವರ್ಷದ ರಸಾಯನಶಾಸ್ತ್ರ
ಇಷ್ಟು ಮೆತ್ತಗಿದೆಯೆಂದು ನನಗೆ ಗೊತ್ತಿರಲಿಲ್ಲ.
ಕುಕ್ಕರಹಳ್ಳಿ ಕೆರೆಯ ಹೆಜ್ಜಾರ್ಲೆಯೊಂದು
ಕ್ರೇನನ್ನು ಬಳಸಿಕೊಂಡು ಹಾರಿಹೋಯಿತು.

ನನ್ನ ಚೀಟಿ ನೋಡಿ ಹಲಗಯ್ಯ
ಕನ್ನಡಕ ಹಣೆಗೇರಿಸಿದರು.
'ಕೆರೆ, ತೂಬು... ನೀರುಗಂಟಿ? ನೀನು ಓದೋದು ನೀರುಗಂಟೀನಾ?'
ಹೌದೆಂದೆ. ನಾಲ್ಕು ವರ್ಷದಿಂದ ಎಂದೆ.
ಸರದಿ, ಪಾಲು, ಸುಗ್ಗಿಯಲ್ಲಿ ಅವನಿಗೆ ಸಲ್ಲುವ ಹೊರೆ,
ಗದ್ದೆಗದ್ದೆಗೂ ನೀರು ಅಳೆದ ಅವನ ಗುದ್ದಲಿ,
ಬರೆದದ್ದೆಲ್ಲ ಒಪ್ಪಿಸಿದೆ, ಗೈಡಿಗೆ ಒಪ್ಪಿಸಿದ ಹಾಗೆ.

'ನಮ್ ತಾತನ್ನ ಹಿಡಿದಾಕಿದ್ದೇ ನೀರುಗಂಟಿ.'
ಕಿರುಗಾವಲಿನ ಕಡೆಯ ಊರು, ತುದಿಗದ್ದೆ,
ಬೆಳದಿಂಗಳಲ್ಲಿ ಮಡೆ ತಿರುಗಿಸುತ್ತಿದ್ದನಂತೆ
ಇನ್ನೊಬ್ಬರ ಸರದಿಯ ನೀರಿಗೆ.
'ನ್ಯಾಯವಂತ ಕಣವ್ವ ಅವ್ನು, ಇಲ್ಲ ಅನ್ನಲ್ಲ.
ಆ ನ್ಯಾಯ ತುದಿಗದ್ದೆಗೆ ಬರೋ ಹೊತ್ಗೆ
ನೀರಿರ್ತಿರ್ಲಿಲ್ಲ, ಅಷ್ಟೇಯ.'
ನಕ್ಕರು. ಹುಬ್ಬಿನಿಂದ ಸುಣ್ಣ ಉದುರಿತು.

ನನ್ನ ಪ್ರಬಂಧ ಇನ್ನೂರ ಹನ್ನೆರಡು ಪುಟ.
ನೀರು ಕದ್ದವನಿಗೆ ಅದರಲ್ಲಿ ಅಡಿಟಿಪ್ಪಣಿಯೂ ಇಲ್ಲ.

ಮೂರು ಹೊಡೆಯಿತು. ಡ್ರಿಲ್ಲು ನಿಂತು
ಕಿವಿ ಒಮ್ಮೆಲೇ ಖಾಲಿ.
ಒಬ್ಬೊಬ್ಬರ ಹೆಸರು ಕೂಗಿ ಹಂಚಿದರು, ತಲೆಗೆ ಎರಡು.
ಕಾನೂನಿನ ಹುಡುಗಿಗೆ ಒಂದೇ, ಇನ್ನೊಂದರ ಮೇಲೆ
ಗೋಡೆ ಬಿದ್ದಿದೆಯಂತೆ, ನಾಳೆ ನೋಡೋಣ.
ನನಗೆ ಎರಡು.
ಎರಡರ ಅಡಿಯಲ್ಲಿ, ಪೇಪರಿನಲ್ಲಿ ಸುತ್ತಿ, ಇನ್ನೊಂದು.
ನಾನು ಬರೆದು ಕೊಟ್ಟದ್ದಲ್ಲ.
'ಸೋಮವಾರ ತಂದ್ಬುಡು. ರಿಜಿಸ್ಟರಲ್ಲಿ ಏರ್ಸಿಲ್ಲ.'
ಅಷ್ಟರಲ್ಲಿ ಅವರ ಕಣ್ಣು
ಸಾಲಿನ ಮುಂದಿನವನ ಮೇಲಿತ್ತು.

ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಬಿಚ್ಚಿದೆ.
ನೀರಿನ ತಕರಾರುಗಳ ಹಳೆಯ ಕಟ್ಟು,
ಸಾಲು ಸಾಲು ಆರೋಪಿಗಳು:
ಗುದ್ದಲಿ ಸಮೇತ ಸಿಕ್ಕವನು,
ಎಮ್ಮೆ ತುಳಿದು ಮಡೆ ಒಡೆಯಿತು ಎಂದವನು,
ಎರಡಾಣೆ ದಂಡ ತೆತ್ತು
ಮರುರಾತ್ರಿಯೇ ಮತ್ತೆ ಸಿಕ್ಕವಳು.
ಬೆರಳಿಗೆ ಹತ್ತಿದ ಸಿಮೆಂಟಿನ ಪುಡಿಯಲ್ಲಿ
ಪುಟ ಪುಟಕ್ಕೂ ನನ್ನದೇ ಹೆಬ್ಬೆಟ್ಟು.

ಮಂಡ್ಯ ಬರುವವರೆಗೂ ಹಲಗಯ್ಯನವರ ತಾತನನ್ನು ಹುಡುಕಿದೆ.
ಹೆಸರೇ ಕೇಳಿರಲಿಲ್ಲ.
ಸೋಮವಾರ, ಹನ್ನೊಂದರ ಸರದಿಗೆ,
ಚೀಟಿಯಲ್ಲಿ ಬರೆದು ಕೊಡಬೇಕು.